ಅಗ್ಗದ ಇಟ್ಟಿಗೆ, ದುಬಾರಿ ಗೋಡೆ

ಊರಂಚಿನ ಹೊಸ ಬಡಾವಣೆಯಲ್ಲಿ, ಪಾಯ ಮುಗಿಸಿ ಗೋಡೆಗೆ ಕಾದಿರುವ ಯಾವುದಾದರೊಂದು ಸೈಟಿನ ಮುಂದೆ ಭಾನುವಾರ ಬೆಳಿಗ್ಗೆ ಹೋಗಿ ನಿಲ್ಲಿ. ಎಂ–ಸ್ಯಾಂಡ್ ಗುಡ್ಡೆಯ ಪಕ್ಕ ಸ್ಯಾಂಪಲ್ಲುಗಳು ಸಾಲಾಗಿ ಕೂತಿರುತ್ತವೆ. ಮಾಲೂರು ಕಡೆಯ ಸುಟ್ಟ ಇಟ್ಟಿಗೆ, ಸಿಮೆಂಟಿನ ಸಾಲಿಡ್ ಬ್ಲಾಕ್, ಬೂದಿ ಇಟ್ಟಿಗೆ, ಕೆಂಪು ಮಣ್ಣನ್ನೇ ಒತ್ತಿ ಮಾಡಿದ ಬ್ಲಾಕ್, ಬೆಳ್ಳಗೆ ಉದ್ದಕ್ಕಿರುವ ಎಎಸಿ ಬ್ಲಾಕ್. ಮಾರುವವರ ಕಡೆಯ ಹುಡುಗ ಎಎಸಿ ತುಂಡೊಂದನ್ನು ಬಕೆಟ್ಟಿನ ನೀರಿಗೆ ಬಿಟ್ಟು, ‘ತೇಲುತ್ತೆ ನೋಡಿ ಸಾರ್’ ಎನ್ನುತ್ತಾನೆ. ಮೇಸ್ತ್ರಿ ಎರಡು ಸುಟ್ಟ ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದು ‘ಟಣ್’ ಎನ್ನಿಸಿ, ‘ಇದನ್ನ ಬಿಟ್ಟು ಬೇರೆ ಯಾಕೆ?’ ಎನ್ನುತ್ತಾನೆ. ಜೊತೆಗೆ ಬಂದ ಭಾವಮೈದ, ತನ್ನ ಆಫೀಸಿನವರೊಬ್ಬರು ಮಣ್ಣಿನ ಬ್ಲಾಕಿನಲ್ಲಿ ಕಟ್ಟಿಸಿದ ಮನೆ ಎಷ್ಟು ತಂಪಾಗಿದೆ ಎಂದು ಹೇಳತೊಡಗುತ್ತಾನೆ. ಮನೆ ಕಟ್ಟಿಸುವವರು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಕೇಳುವುದು ಒಂದೇ ಮಾತು: ‘ಒಂದಕ್ಕೆ ಎಷ್ಟಾಗುತ್ತೆ?’

ಸಾಲ ಮಾಡಿ ಮನೆ ಕಟ್ಟುವವರು ಬೆಲೆ ಕೇಳುವುದು ನ್ಯಾಯವೇ. ಆದರೆ ಬಿಡಿ ಇಟ್ಟಿಗೆಯ ಬೆಲೆ ಮನೆಯ ಬಗ್ಗೆ ತಿಳಿಸುವುದು ಬಹಳ ಕಡಿಮೆ. ನಾವು ವಾಸ ಮಾಡುವುದು ಗೋಡೆಯೊಳಗೆ. ಆ ಗೋಡೆ ಹತ್ತಾರು ಮಳೆಗಾಲ ನೆನೆಯುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ, ಮೇಲಿನ ತಾರಸಿಯನ್ನು ಹೊರುತ್ತದೆ. ಹಾಗಾಗಿ ಯಾವುದೇ ಹೊಸ ಸಾಮಗ್ರಿಯ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು. ನೆನೆದ ಮೇಲೆ ಇದರ ಬಲ ಎಷ್ಟು ಉಳಿಯುತ್ತದೆ? ಮುಗಿದ ಗೋಡೆಯ ಒಂದು ಚದರ ಅಡಿಗೆ ಎಲ್ಲ ಸೇರಿ ಎಷ್ಟು ಬೀಳುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದ ಗೊಂದಲ ಬಹುಪಾಲು ತಿಳಿಯಾಗುತ್ತದೆ.

ಹೊಸದರ ಹುಡುಕಾಟ ಶುರುವಾದದ್ದು

ಸುಟ್ಟ ಇಟ್ಟಿಗೆಯ ಬಗ್ಗೆ ನಮಗಿರುವ ನಂಬಿಕೆ ಸುಮ್ಮನೆ ಬಂದದ್ದಲ್ಲ. ಚೆನ್ನಾಗಿ ಬೆಂದ ಇಟ್ಟಿಗೆ ತಲೆಮಾರುಗಳ ಕಾಲ ಬಾಳುತ್ತದೆ. ಆದರೆ ಅದಕ್ಕೆ ಬೇಕಾದ ಮಣ್ಣು ಬರುವುದು ಕೆರೆಯಂಗಳದಿಂದ, ಹೊಲದ ಮೇಲ್ಪದರದಿಂದ. ಬೇಯಿಸಲು ಸೌದೆ ಅಥವಾ ಕಲ್ಲಿದ್ದಲು ಬೇಕು. ಮಣ್ಣು, ಸೌದೆ ಎರಡೂ ತುಟ್ಟಿಯಾಗುತ್ತಿವೆ. ಹೊಳೆಯ ಮರಳಂತೂ ಕೈಗೆಟುಕದಂತಾಗಿ, ಕಲ್ಲು ಪುಡಿ ಮಾಡಿದ ಎಂ–ಸ್ಯಾಂಡ್ ಅದರ ಜಾಗಕ್ಕೆ ಬಂದು ವರ್ಷಗಳೇ ಆದವು.

ಈ ಸಂಕಟವನ್ನು ಮೊದಲೇ ಕಂಡವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಕ್ಕೆ ಹೊಂದಿಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಒಲೆ, ಗೋಬರ್ ಗ್ಯಾಸ್ ಜೊತೆಗೆ ಮನೆ ಕಟ್ಟುವ ಸಾಮಗ್ರಿಯೂ ಅಲ್ಲಿನವರ ಅಧ್ಯಯನದ ವಸ್ತುವಾಯಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದ ಎಂಜಿನಿಯರುಗಳು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಬ್ಲಾಕ್ ಮಾಡುವ ವಿಧಾನವನ್ನು ವರ್ಷಗಟ್ಟಲೆ ಪರೀಕ್ಷಿಸಿ ಗಟ್ಟಿಗೊಳಿಸಿದರು. ಕೈಯಿಂದ ಒತ್ತುವ ಇಂಥ ಯಂತ್ರದ ಮೂಲ ರೂಪ 1950ರ ದಶಕದ ಕೊಲಂಬಿಯಾ ದೇಶದ್ದು. ಅದನ್ನು ಇಲ್ಲಿನ ಮಣ್ಣಿಗೆ, ಇಲ್ಲಿನ ಮಳೆಗೆ, ಇಲ್ಲಿನ ಕೆಲಸಗಾರರಿಗೆ ಒಗ್ಗಿಸಿದ್ದು ಅವರ ಸಾಧನೆ.

ಒಂದು ಘನ ಮೀಟರ್ ಗೋಡೆ ಎಬ್ಬಿಸಲು ಸುಟ್ಟ ಇಟ್ಟಿಗೆಗೆ ತಗಲುವ ಇಂಧನಶಕ್ತಿಯ ಮೂರನೇ ಒಂದು ಪಾಲಿನಷ್ಟರಲ್ಲೇ ಮಣ್ಣಿನ ಬ್ಲಾಕಿನ ಗೋಡೆ ಏಳುತ್ತದೆ ಎಂದು ಇದೇ ಸಂಸ್ಥೆಯ ಅಧ್ಯಯನ 2003ರಲ್ಲಿ ಲೆಕ್ಕ ಹಾಕಿ ತೋರಿಸಿತು. ಆ ಲೆಕ್ಕದಲ್ಲಿ ಬ್ಲಾಕಿಗೆ ಸೇರಿಸಿದ ಸಿಮೆಂಟ್ ಶೇ 6ರಷ್ಟು.

ಯಾವುದರಲ್ಲಿ ಏನಿದೆ

ಹೆಸರು ಕೇಳಿ ಬೆರಗಾಗುವ ಮೊದಲು ಯಾವ ಬ್ಲಾಕಿನಲ್ಲಿ ಏನಿದೆ ಎಂದು ತಿಳಿದುಕೊಂಡರೆ ಅದರ ಗುಣವನ್ನೂ ದೌರ್ಬಲ್ಯವನ್ನೂ ನಾವೇ ಊಹಿಸಬಹುದು.

ಮಣ್ಣಿನ ಬ್ಲಾಕಿನಲ್ಲಿ ಇರುವುದು ಮರಳು ಮಿಶ್ರಿತ ಮಣ್ಣು ಮತ್ತು ಶೇ 6ರಿಂದ 8ರಷ್ಟು ಸಿಮೆಂಟ್. ಹದವಾಗಿ ತೇವ ಮಾಡಿ, ಯಂತ್ರದಲ್ಲಿ ಬಿಗಿಯಾಗಿ ಒತ್ತಿ, ಮೂರು–ನಾಲ್ಕು ವಾರ ಗೋಣಿಚೀಲ ಇಲ್ಲವೆ ಹುಲ್ಲು ಹೊದಿಸಿ ನೀರು ಚಿಮುಕಿಸುತ್ತಾರೆ. ಬೆಂಕಿಯ ಮಾತೇ ಇಲ್ಲ.

ಬೂದಿ ಇಟ್ಟಿಗೆಯ ಮೂಲ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ಕಡೆ ಕಲ್ಲಿದ್ದಲು ಸುಟ್ಟು ಉಳಿಯುವ ಈ ನವಿರು ಬೂದಿ ಸುಣ್ಣದ ಜೊತೆ, ನೀರಿನ ಸಹವಾಸದಲ್ಲಿ ನಿಧಾನವಾಗಿ ಕಲ್ಲಾಗುತ್ತದೆ. ಸುಣ್ಣ ಮತ್ತು ಜಿಪ್ಸಂ ಸೇರಿಸಿ ಮಾಡುವುದು ಒಂದು ಬಗೆ, ಸಿಮೆಂಟ್ ಸೇರಿಸಿ ಮಾಡುವುದು ಇನ್ನೊಂದು. ‘ನಿಧಾನ’ ಎಂಬುದನ್ನು ಇಲ್ಲಿ ಗಮನಿಸಬೇಕು. ಈ ಇಟ್ಟಿಗೆಗೆ ಬಲ ಬರುವುದು ವಾರಗಳ ಲೆಕ್ಕದಲ್ಲಿ. ಆರ್ಡರು ಜಾಸ್ತಿಯಾಯಿತೆಂದು ವಾರಕ್ಕೇ ಲಾರಿಗೆ ತುಂಬಿಸಿದ ಇಟ್ಟಿಗೆ ನೋಟಕ್ಕೆ ಒಂದೇ ಥರ ಇದ್ದರೂ ಒಳಗೆ ಅರೆಬರೆ.

ಎಎಸಿ (ಆಟೊಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್) ಬ್ಲಾಕ್ ನಮಗೆ ಹೊಸದಾದರೂ ಸ್ವೀಡನ್ ದೇಶದಲ್ಲಿ ಹುಟ್ಟಿ ನೂರು ವರ್ಷವಾಗಿದೆ. ಬೂದಿ ಅಥವಾ ಮರಳು, ಸುಣ್ಣ, ಸಿಮೆಂಟ್ ಸೇರಿಸಿದ ಹಿಟ್ಟಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಹೈಡ್ರೋಜನ್ ಗುಳ್ಳೆಗಳೆದ್ದು ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಅದನ್ನು ಕತ್ತರಿಸಿ, ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಒಳಗೆಲ್ಲ ಗುಳ್ಳೆ, ಅದರಿಂದಲೇ ಹಗುರ. ಒಂದು ಘನ ಮೀಟರ್ ಸಾಲಿಡ್ ಬ್ಲಾಕ್ ಎರಡು ಟನ್ ತೂಗಿದರೆ ಎಎಸಿ ತೂಗುವುದು 550ರಿಂದ 650 ಕೆ.ಜಿ.

ಇವುಗಳ ಆಚೆಗೂ ಪ್ರಯೋಗಗಳಿವೆ. ರಸಗೊಬ್ಬರ ಕಾರ್ಖಾನೆಗಳಲ್ಲಿ ಉಳಿಯುವ ಜಿಪ್ಸಂನಿಂದ ಗಾಜಿನ ನಾರು ಸೇರಿಸಿ ಇಡೀ ಗೋಡೆಯ ಹಲಗೆಗಳನ್ನು ಎರಕ ಹೊಯ್ಯುವ ವಿಧಾನವನ್ನು ಐಐಟಿ ಮದ್ರಾಸ್ ಬೆಳೆಸಿದೆ. ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 1,021 ಚದರ ಅಡಿಯ ಅಂಚೆ ಕಚೇರಿಯನ್ನು ತ್ರೀಡಿ ಮುದ್ರಣದಿಂದ ಕಟ್ಟಿ 2023ರ ಆಗಸ್ಟ್‌ನಲ್ಲಿ ಉದ್ಘಾಟಿಸಲಾಯಿತು. ಇವೆಲ್ಲ ಒಂದೇ ನಮೂನೆಯ ಹಲವು ಕಟ್ಟಡಗಳನ್ನು ಬೇಗ ಎಬ್ಬಿಸಬೇಕಾದಾಗ ಉಪಯುಕ್ತ. ಮೂವತ್ತು–ನಲವತ್ತರ ಒಂದು ಸೈಟಿನವರಿಗೆ ಇವತ್ತು ಕೈಗೆಟುಕುವ ಆಯ್ಕೆಗಳು ಮೊದಲು ಹೇಳಿದ ಮೂರು–ನಾಲ್ಕೇ.

ಒಣ ಬಲ, ಹಸಿ ಬಲ

ಗೋಡೆಗೆ ಎಷ್ಟು ಬಲ ಬೇಕು? ಒಂದು ಲೆಕ್ಕ ಹಾಕೋಣ. ಪಿಲ್ಲರ್ ಇಲ್ಲದ, ಗೋಡೆಯೇ ಭಾರ ಹೊರುವ ಎರಡು ಅಂತಸ್ತಿನ ಮನೆ. ಗೋಡೆಯ ದಪ್ಪ ಎಂಟು ಅಂಗುಲ, ಎರಡೂ ಕಡೆ ಹನ್ನೊಂದು–ಹನ್ನೆರಡು ಅಡಿ ಅಗಲದ ಕೋಣೆ. ಎರಡು ತಾರಸಿ, ಎರಡು ಅಂತಸ್ತಿನ ಗೋಡೆ, ಜನ, ಸಾಮಾನು ಎಲ್ಲ ಸೇರಿ ಕೆಳಗಿನ ಗೋಡೆಯ ಒಂದು ಮೀಟರ್ ಉದ್ದದ ಮೇಲೆ ಏಳೂಕಾಲು ಟನ್ನಿನಷ್ಟು ಭಾರ ಕೂರುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಮೂರೂವರೆಯಿಂದ ನಾಲ್ಕು ಕೆ.ಜಿ.

ಇಷ್ಟೇನಾ ಎನಿಸಬಹುದು. ಆದರೆ ಬಿಡಿ ಇಟ್ಟಿಗೆಯ ಬಲವೆಲ್ಲ ಗೋಡೆಗೆ ಬರುವುದಿಲ್ಲ. ನಡುವೆ ಗಾರೆ ಇದೆ, ಕೈಕೆಲಸದ ಏರುಪೇರು ಇದೆ, ಭಾರ ನಟ್ಟನಡುವೆಯೇ ಬೀಳುತ್ತದೆಂಬ ಖಾತ್ರಿಯಿಲ್ಲ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು, ಇಟ್ಟಿಗೆಯ ಬಲದ ಸರಿಸುಮಾರು ಹತ್ತನೇ ಒಂದು ಪಾಲನ್ನು ಮಾತ್ರ ಗೋಡೆಯ ಮೇಲೆ ಹೇರಬಹುದು ಎಂಬುದು ಎಂಜಿನಿಯರುಗಳು ಪಾಲಿಸುವ ಮಿತಿ. ಹಾಗಾದರೆ ಈ ಮನೆಗೆ ಚದರ ಸೆಂಟಿಮೀಟರಿಗೆ 35ರಿಂದ 40 ಕೆ.ಜಿ. ತಡೆಯುವ ಬ್ಲಾಕ್ ಬೇಕು. ಅದಕ್ಕಿಂತ ಕಡಿಮೆಯದರಲ್ಲಿ ಎರಡನೇ ಅಂತಸ್ತು ಎಬ್ಬಿಸುವುದು ಅಪಾಯ. ಅದರ ಮೂರು ಪಟ್ಟು ಬಲಕ್ಕೆ ದುಡ್ಡು ಸುರಿಯುವುದೂ ವ್ಯರ್ಥ. ಪಿಲ್ಲರ್ ಮನೆಯಾದರೆ ಗೋಡೆ ಬರೀ ಅಡ್ಡಗೋಡೆ. ಅಲ್ಲಿ ಈ ಲೆಕ್ಕದ ಬಿಗಿ ಅಷ್ಟಿರುವುದಿಲ್ಲ.

ಮುಖ್ಯವಾದ ಮಾತು ಮುಂದಿದೆ. ಈ 35 ಕೆ.ಜಿ. ಬಲ ಇರಬೇಕಾದದ್ದು ನೆನೆದ ಬ್ಲಾಕಿಗೆ. ಮಣ್ಣಿನ ಬ್ಲಾಕ್ ನೀರು ಕುಡಿದರೆ ಅದರ ಒಣಬಲ ಅರ್ಧಕ್ಕೆ ಇಳಿಯುವುದುಂಟು. ಸಿಮೆಂಟೇ ಹಾಕದ ಹಸಿ ಇಟ್ಟಿಗೆಯಾದರೆ ಪೂರ್ತಿ ಕರಗಿಯೇ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆ ಎಷ್ಟೊಂದು ಮಣ್ಣಿನ ಮನೆಗಳು ಕುಸಿದವು ಎಂಬುದನ್ನು ನಾಡು ಕಂಡಿದೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ಗೋಡೆಗಳೇ ಅವು. ಬಡವರ ಮನೆ ಬೀಳುವುದು ಹೆಚ್ಚಾಗಿ ಹೀಗೆ, ನೀರು ಬುಡಕ್ಕೆ ಬಂದಾಗ. ಆದ್ದರಿಂದ ಮಾರುವವರು ಬಲದ ಅಂಕಿ ಹೇಳಿದರೆ ‘ಒಣಗಿದ್ದಾಗಲೋ, ನೆನೆಸಿದ ಮೇಲೋ?’ ಎಂದು ಕೇಳಲೇಬೇಕು. ಒಳ್ಳೆಯ ಮಣ್ಣಿನ ಬ್ಲಾಕ್ ನೆನೆದ ಮೇಲೂ 30ರಿಂದ 40 ಕೆ.ಜಿ. ತಡೆಯುತ್ತದೆ. ಅದು ಯಾರದೋ ಬಾಯಿಮಾತಿನಲ್ಲಿ ಅಲ್ಲ, ಪರೀಕ್ಷೆಯ ಕಾಗದದಲ್ಲಿ ಕಾಣಬೇಕು.

ನೀರು, ಉಪ್ಪು, ಬಿರುಕು

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪೂರ್ತಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಮೂರು ಕೆ.ಜಿ.ಯ ಇಟ್ಟಿಗೆ 3.6 ಕೆ.ಜಿ. ದಾಟಿದರೆ ಆ ಲೋಡನ್ನು ವಾಪಸು ಕಳಿಸಬಹುದು. ಬೂದಿ–ಸುಣ್ಣದ ಇಟ್ಟಿಗೆಗೂ ಇದೇ ಮಿತಿ. ಕಾಂಕ್ರೀಟ್ ಬ್ಲಾಕಿಗೆ ಮಿತಿ ಶೇ 10. ಲೋಡಿನಲ್ಲಿ ಚೆಂದದವನ್ನೇ ಆರಿಸದೆ, ಮೇಲೆ, ನಡುವೆ, ಅಡಿಯಲ್ಲಿ ಎಂದು ಬೇರೆ ಬೇರೆ ಕಡೆಯಿಂದ ಎತ್ತಿಕೊಳ್ಳುವುದು ಮುಖ್ಯ.

ಎರಡನೆಯದು ಉಪ್ಪು. ಕಟ್ಟಿದ ವರ್ಷದೊಳಗೆ ಗೋಡೆಯ ಬುಡದಲ್ಲಿ ಬೆಳ್ಳನೆ ಪುಡಿ ಎದ್ದು, ಬಣ್ಣ ಚಕ್ಕೆಯಾಗಿ ಉದುರುವುದನ್ನು ಎಲ್ಲರೂ ನೋಡಿರುತ್ತೇವೆ. ಗೋಡೆ ಚೌಳು ಹಿಡಿಯಿತು ಎನ್ನುತ್ತೇವೆ. ಇಟ್ಟಿಗೆಯ ಮಣ್ಣಿನಲ್ಲೋ ಬೂದಿಯಲ್ಲೋ ಕಲಸಿದ ನೀರಿನಲ್ಲೋ ಇದ್ದ ಲವಣ ತೇವದ ಜೊತೆ ಹೊರಬಂದು ಒಣಗುವುದರಿಂದ ಇದಾಗುತ್ತದೆ. ತಟ್ಟೆಯಲ್ಲಿ ಒಂದು ಅಂಗುಲ ನೀರು ಹಾಕಿ ಇಟ್ಟಿಗೆಯನ್ನು ನಿಲ್ಲಿಸಿ, ನೀರು ಹೀರಿ ಒಣಗಿದ ಮೇಲೆ ಇನ್ನೊಮ್ಮೆ ನೀರು ಹಾಕಿ ಒಣಗಲು ಬಿಡಿ. ಮೈಮೇಲೆ ಬಿಳಿ ಪದರ ದಟ್ಟವಾಗಿ ಎದ್ದರೆ ಆ ಇಟ್ಟಿಗೆ ಬೇಡ.

ಮೂರನೆಯದು ಕುಗ್ಗುವಿಕೆ. ಸುಟ್ಟ ಇಟ್ಟಿಗೆ ಗೂಡಿನಲ್ಲೇ ಕುಗ್ಗಿ ಮುಗಿಸಿರುತ್ತದೆ. ಸಿಮೆಂಟ್, ಸುಣ್ಣದ ಬ್ಲಾಕುಗಳು ಒಣಗುತ್ತಾ ಕುಗ್ಗುತ್ತವೆ. ಹಸಿಯಾಗಿಯೇ ಗೋಡೆಗೆ ಸೇರಿಸಿದರೆ ಆ ಕುಗ್ಗುವಿಕೆ ಗೋಡೆಯಲ್ಲಿ ಬಿರುಕಾಗಿ ಕಾಣುತ್ತದೆ. ಎಎಸಿ ಗೋಡೆಯಲ್ಲಿ ಪಿಲ್ಲರ್ ಸೇರುವ ಕಡೆ ಉದ್ದುದ್ದ ಸೀಳು ಬೀಳುವುದಕ್ಕೆ ಇದೊಂದು ಕಾರಣ. ಬ್ಲಾಕನ್ನು ಮಳೆಗೆ ಬಿಡದೆ ಮುಚ್ಚಿಡುವುದು, ಕಟ್ಟುವಾಗ ಮೈ ಮಾತ್ರ ಒದ್ದೆ ಮಾಡುವುದು, ಪಿಲ್ಲರಿನ ಸಂದಿಗೆ ತಂತಿಜಾಲ ಹಾಕಿ ಪ್ಲಾಸ್ಟರ್ ಮಾಡುವುದು ಇದಕ್ಕೆ ಪರಿಹಾರ.

ನಿಮ್ಮ ಸೈಟಿನ ಮಣ್ಣು ಯಾವುದು

ಮಣ್ಣಿನ ಬ್ಲಾಕನ್ನು ಸೈಟಿನಲ್ಲೇ ಮಾಡಿಸಬಹುದು, ಪಾಯ ತೋಡಿದ ಮಣ್ಣೇ ಸಾಕು ಎನ್ನುವ ಮಾತಿದೆ. ಅದು ನಿಜವಾಗುವುದು ಮಣ್ಣು ಸರಿಯಿದ್ದರೆ ಮಾತ್ರ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪುಮಣ್ಣಿನ ಜೇಡಿ ನೀರಿಗೆ ಹೆಚ್ಚು ಉಬ್ಬುವುದಿಲ್ಲ. ಸಿಮೆಂಟಿಗೆ ಅದು ಹೊಂದುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಯ ಎರೆಮಣ್ಣು ಹಾಗಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿಗೆ ಸಿಮೆಂಟ್ ಒಂದೇ ಸಾಲದು, ಸುಣ್ಣ ಬೇಕು. ಅದನ್ನು ತಿಳಿದವರ ನಿಗಾ ಇಲ್ಲದೆ ಮಾಡಬಾರದು.

ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ಬಾಟಲಿ. ಬೇರು, ಎಲೆ ಸೇರಿರುವ ಮೇಲ್ಮಣ್ಣನ್ನು ಬಿಟ್ಟು ಕೆಳಗಿನ ಮಣ್ಣನ್ನು ಜರಡಿ ಹಿಡಿದು ಬಾಟಲಿಯ ಮೂರನೇ ಒಂದು ಭಾಗ ತುಂಬಿ. ಮೇಲೆ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕಿಳಿಯುತ್ತದೆ. ಅದರ ಮೇಲೆ ನವಿರು ಹೂಳು ಕೂರುತ್ತದೆ. ಜೇಡಿ ಕೂರಲು ಮಾರನೆಯ ದಿನದವರೆಗೂ ಕಾಯಬೇಕು. ಆಮೇಲೆ ಅಳತೆಪಟ್ಟಿ ಇಟ್ಟು ಪದರಗಳನ್ನು ಅಳೆಯಿರಿ. ಮೂರರಲ್ಲಿ ಎರಡು ಪಾಲು ಮರಳು, ಶೇ 10ರಿಂದ 15ರಷ್ಟು ಜೇಡಿ ಇದ್ದರೆ ಹದವಾದ ಮಣ್ಣು. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದೇ ಸಾಮಾನ್ಯ. ಆಗ ಮರಳನ್ನೋ ಕ್ವಾರಿ ಡಸ್ಟನ್ನೋ ಬೆರೆಸಿ ಹದಕ್ಕೆ ತರುತ್ತಾರೆ. ಈ ಬಾಟಲಿ ನೋಟ ಅಂದಾಜಿಗೆ ಮಾತ್ರ. ಕೊನೆಯ ತೀರ್ಮಾನ ಪ್ರಯೋಗಾಲಯದ್ದು.

ಸಿಮೆಂಟ್ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ. 230×190×100 ಮಿ.ಮೀ. ಅಳತೆಯ ಬ್ಲಾಕ್ ಒಣಗಿದಾಗ ಸುಮಾರು ಎಂಟು ಕೆ.ಜಿ. ತೂಗುತ್ತದೆ. ಶೇ 7 ಎಂದರೆ ಒಂದಕ್ಕೆ 560 ಗ್ರಾಂ ಸಿಮೆಂಟ್. 50 ಕೆ.ಜಿ.ಯ ಚೀಲದಲ್ಲಿ ಹೆಚ್ಚೆಂದರೆ 90 ಬ್ಲಾಕ್ ಆಗಬೇಕು. ಒಂದು ಚೀಲಕ್ಕೆ 150 ತೆಗೆಯುತ್ತೇವೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಅಲ್ಲಿ ಬೀಳುತ್ತಿರುವುದು ಶೇ 4ರ ಆಸುಪಾಸು. ಮಳೆಗಾಲದಲ್ಲಿ ಆ ಬ್ಲಾಕಿನ ಅಂಚುಗಳು ಸವೆಯುತ್ತವೆ.

ಗೋಡೆಯ ಬೆಲೆ ಲೆಕ್ಕ ಹಾಕುವುದು

ಬಿಡಿ ಬೆಲೆಗಳನ್ನು ಹೋಲಿಸಲಾಗದು, ಯಾಕೆಂದರೆ ಒಂದೊಂದರ ಗಾತ್ರ ಒಂದೊಂದು. ಒಂದು ಚದರ ಮೀಟರ್ ಗೋಡೆಗೆ 400×200 ಮಿ.ಮೀ. ಮುಖದ ಕಾಂಕ್ರೀಟ್ ಬ್ಲಾಕ್ ಸುಮಾರು 12 ಬೇಕು. 600×200ರ ಎಎಸಿ ಎಂಟು ಸಾಕು. ಮೇಲೆ ಹೇಳಿದ ಮಣ್ಣಿನ ಬ್ಲಾಕನ್ನು 190 ಮಿ.ಮೀ. ದಪ್ಪದ ಗೋಡೆಗೆ ಇಟ್ಟರೆ 38. ಎಂಟು ಅಂಗುಲದ ಗೋಡೆಗೆ ಸಣ್ಣ ಸುಟ್ಟ ಇಟ್ಟಿಗೆ ನೂರರ ಹತ್ತಿರ. ಈ ಸಂಖ್ಯೆಯಿಂದ ನಿಮ್ಮೂರಿನ ಬೆಲೆಯನ್ನು ಗುಣಿಸಿ. ಅದು ಲೆಕ್ಕದ ಮೊದಲ ಸಾಲು ಅಷ್ಟೆ.

ಎರಡನೇ ಸಾಲು ಗಾರೆ. ಇಟ್ಟಿಗೆ ಸಣ್ಣದಾದಷ್ಟೂ ಸಂದಿ ಹೆಚ್ಚು, ಗಾರೆ ಹೆಚ್ಚು. ಎಎಸಿಗೆ ಸಿಗುವ ಅಂಟುಗಾರೆ ಮೂರು ಮಿ.ಮೀ. ಸಾಕು, ಆದರೆ ಅದರ ಚೀಲದ ಬೆಲೆ ಬೇರೆ. ಮೂರನೇ ಸಾಲು ಪ್ಲಾಸ್ಟರ್. ಮಣ್ಣಿನ ಬ್ಲಾಕಿನ ಗೋಡೆಗೆ ಸಂದಿ ಮಾತ್ರ ತುಂಬಿ ಹಾಗೆಯೇ ಬಿಡಬಹುದು. ಸೂರು ಚಾಚಿದ್ದರೆ ಹೊರಗಡೆಯೂ ನಿಲ್ಲುತ್ತದೆ. ಆ ಉಳಿತಾಯ ದೊಡ್ಡದು. ನಾಲ್ಕನೇ ಸಾಲು ಸಾಗಣೆ ಮತ್ತು ಒಡಕು. ದೂರದಿಂದ ಬರುವ ಎಎಸಿಯ ಮೂಲೆಗಳು ಏರಿಸಿ ಇಳಿಸುವಾಗ ಮುರಿಯುತ್ತವೆ. ಐದನೆಯದು ಕೂಲಿ. ದೊಡ್ಡ ಬ್ಲಾಕಿನಲ್ಲಿ ದಿನಕ್ಕೆ ಏಳುವ ಗೋಡೆ ಹೆಚ್ಚು. ಆರನೆಯದು ತೂಕ. ಹತ್ತು ಅಡಿ ಎತ್ತರ, ಆರು ಅಂಗುಲ ದಪ್ಪದ ಸಾಲಿಡ್ ಬ್ಲಾಕ್ ಗೋಡೆ ಮೀಟರಿಗೆ ಸುಮಾರು 950 ಕೆ.ಜಿ. ತೂಗಿದರೆ ಎಎಸಿ ಗೋಡೆ 300 ಕೆ.ಜಿ.ಯೊಳಗೇ ನಿಲ್ಲುತ್ತದೆ. ನಾಲ್ಕು ಅಂತಸ್ತಿನ ಪಿಲ್ಲರ್ ಕಟ್ಟಡದಲ್ಲಿ ಇದು ಕಬ್ಬಿಣದ ಖರ್ಚನ್ನು ಇಳಿಸುತ್ತದೆ. ಒಂದಂತಸ್ತಿನ ಮನೆಯಲ್ಲಿ ಈ ಲಾಭ ಅಷ್ಟಾಗಿ ದಕ್ಕುವುದಿಲ್ಲ.

ಇನ್ನೊಂದು ಮಾತು. ಹತ್ತು ಲಕ್ಷದ ಮನೆಯಲ್ಲಿ ಗೋಡೆಯ ಪಾಲು ಐದನೇ ಒಂದು ಎಂದಿಟ್ಟುಕೊಂಡರೆ ಎರಡು ಲಕ್ಷ. ಅದರಲ್ಲಿ ಕಾಲುಭಾಗ ಉಳಿಸಿದರೂ ಸಿಗುವುದು 50 ಸಾವಿರ, ಇಡೀ ಖರ್ಚಿನ ಶೇ 5. ಸಣ್ಣ ಮೊತ್ತವಲ್ಲ. ಆದರೆ ಸೋರುವ ಗೋಡೆಯೊಂದರ ದುರಸ್ತಿ ಅಷ್ಟನ್ನೂ ನುಂಗಿಹಾಕಬಲ್ಲದು. ಜೊತೆಗೆ, ಸಾಮಗ್ರಿ ಬದಲಿಸದೆಯೂ ಉಳಿತಾಯದ ದಾರಿಗಳಿವೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಸಿ ಜನಪ್ರಿಯಗೊಳಿಸಿದ ‘ರ‍್ಯಾಟ್ ಟ್ರ್ಯಾಪ್’ ಕಟ್ಟೋಣದಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಒಳಗೆ ಟೊಳ್ಳು ಬಿಡುತ್ತಾರೆ. ಅದೇ ಸುಟ್ಟ ಇಟ್ಟಿಗೆ, ಕಾಲುಭಾಗ ಕಡಿಮೆ ಸಾಕು.

ಬಿಸಿಲಿಗೆ ಗೋಡೆಗಿಂತ ತಾರಸಿ ಮುಖ್ಯ

‘ಈ ಬ್ಲಾಕ್ ಹಾಕಿದರೆ ಮನೆ ತಂಪು’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಳ್ಳೆ ತುಂಬಿದ ಎಎಸಿ ಸುಟ್ಟ ಇಟ್ಟಿಗೆಯ ಸರಿಸುಮಾರು ನಾಲ್ಕನೇ ಒಂದು ಭಾಗದಷ್ಟು ಮಾತ್ರ ಶಾಖವನ್ನು ದಾಟಿಸುತ್ತದೆ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು ಒಳಗೆ ಬಿಡಲು ತಡ ಮಾಡುತ್ತದೆ. ಆದರೆ ಒಂದಂತಸ್ತಿನ ಮನೆಗೆ ನಡುಹಗಲ ಬಿಸಿಲು ನೆತ್ತಿಯ ಮೇಲಿಂದಲೇ ಬೀಳುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ನಾಲ್ಕೈದು ಅಂಗುಲದ ಬರಿಯ ತಾರಸಿಯ ಕೆಳಗೆ ಕೂತವರಿಗೆ ಯಾವ ಬ್ಲಾಕಿನ ಗೋಡೆಯೂ ನೆರವಾಗದು.

ಅದಕ್ಕೇ ಹಣ ಉಳಿದರೆ ತಾರಸಿಗೆ ಹಾಕಿ. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ. ಅದರ ಜಾಗದಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಸಿ ಮೇಲೆ ಕಾಂಕ್ರೀಟ್ ಹೊಯ್ಯುವ ಫಿಲ್ಲರ್ ಸ್ಲ್ಯಾಬ್ ಪದ್ಧತಿಯಲ್ಲಿ ಕಾಂಕ್ರೀಟು ಐದನೇ ಒಂದು ಭಾಗದವರೆಗೂ ಉಳಿತಾಯವಾಗುವುದುಂಟು, ಬಿಸಿಯೂ ಇಳಿಯುತ್ತದೆ. ಇದನ್ನು ಎಂಜಿನಿಯರ್ ಲೆಕ್ಕ ಹಾಕಿ ಕಬ್ಬಿಣದ ಜಾಗ ಗುರುತಿಸಿ ಕೊಡಬೇಕು. ಅದೂ ಬೇಡವೆಂದರೆ ತಾರಸಿಗೆ ಬಿಳಿ ಸುಣ್ಣ ಬಳಿಯುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ.

ಮೇಸ್ತ್ರಿಗೆ ಗೊತ್ತಿರಬೇಕು

ಹೊಸ ಸಾಮಗ್ರಿ ಸೋತ ಕಡೆಗಳಲ್ಲಿ ಹುಡುಕಿದರೆ ತಪ್ಪು ಸಾಮಗ್ರಿಯದ್ದಕ್ಕಿಂತ ಬಳಕೆಯದ್ದೇ ಹೆಚ್ಚು. ಸುಟ್ಟ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕಿ ಕಟ್ಟಿ ಕೈಪಳಗಿದವರು ಎಎಸಿಯನ್ನೂ ಹಾಗೇ ನೆನೆಸುತ್ತಾರೆ. ಮಣ್ಣಿನ ಬ್ಲಾಕಿಗಿಂತ ಬಹಳ ಗಟ್ಟಿಯಾದ ಗಾರೆ ಕಲಸಿದರೆ, ಬಿರುಕು ಗಾರೆಯನ್ನು ಬಿಟ್ಟು ಬ್ಲಾಕನ್ನೇ ಸೀಳುತ್ತದೆ. ಎಎಸಿ ಗೋಡೆಗೆ ಸಾಮಾನ್ಯ ಮೊಳೆ ಹೊಡೆದು ಅಡುಗೆಮನೆಯ ಕಪಾಟು ತೂಗುಹಾಕಿದರೆ ಮೊಳೆ ಸಮೇತ ಕಿತ್ತುಬರುತ್ತದೆ. ಅದಕ್ಕೆಂದೇ ಬೇರೆ ಸ್ಕ್ರೂ ಇದೆ.

ಭೂಕಂಪದ ಪಾಠವೂ ಕಟ್ಟೋಣಕ್ಕೇ ಸೇರಿದ್ದು. 1993ರ ಸೆಪ್ಟೆಂಬರ್ 30ರಂದು ಗಡಿಯಾಚೆಯ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ, ಕಲ್ಲು–ಮಣ್ಣಿನ ದಪ್ಪ ಗೋಡೆಗಳು ಮೇಲಿನ ಭಾರದ ಮಾಳಿಗೆಯ ಸಮೇತ ಕುಸಿದು ಸಾವಿರಾರು ಜನ ಸತ್ತರು. ಕಲ್ಲು ಬಲವಾಗಿಯೇ ಇತ್ತು. ಗೋಡೆಗಳನ್ನು ಒಂದಕ್ಕೊಂದು ಬಿಗಿಯುವ ಕಟ್ಟು ಇರಲಿಲ್ಲ. ಯಾವ ಬ್ಲಾಕನ್ನೇ ಬಳಸಿ, ಪಾಯದ ಮಟ್ಟದಲ್ಲಿ, ಬಾಗಿಲು–ಕಿಟಕಿಯ ನೆತ್ತಿಯಲ್ಲಿ, ತಾರಸಿಯ ಕೆಳಗೆ ಮನೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಇರಲೇಬೇಕು. ಅಲ್ಲಿ ಉಳಿತಾಯ ಸಲ್ಲದು.

ಆದ್ದರಿಂದ ಸಾಮಗ್ರಿ ಆರಿಸುವ ಮೊದಲು ನಿಮ್ಮ ಮೇಸ್ತ್ರಿ ಅದರಲ್ಲಿ ಕಟ್ಟಿದ ಗೋಡೆಯೊಂದನ್ನು ತೋರಿಸಲು ಹೇಳಿ. ಕಟ್ಟಿ ಕನಿಷ್ಠ ಎರಡು ಮಳೆಗಾಲ ಕಳೆದಿರುವ ಮನೆಯಾಗಿರಲಿ. ಪಡುವಣ ಗೋಡೆ, ಬಚ್ಚಲಿನ ಹೊರಗೋಡೆ, ಕಿಟಕಿಯ ಕೆಳಗಿನ ಮೂಲೆಗಳನ್ನು ನೋಡಿ. ಅಲ್ಲಿ ವಾಸವಿರುವವರನ್ನು ಮಾತಾಡಿಸಿ.

ಕಾಗದ ಕೇಳಲು ಸಂಕೋಚ ಬೇಡ

ಇವುಗಳಿಗೆಲ್ಲ ಭಾರತೀಯ ಮಾನಕಗಳಿವೆ. ಮಣ್ಣಿನ ಬ್ಲಾಕಿಗೆ ಐಎಸ್ 1725, ಕಾಂಕ್ರೀಟ್ ಮತ್ತು ಎಎಸಿ ಬ್ಲಾಕುಗಳಿಗೆ ಐಎಸ್ 2185ರ ಬೇರೆ ಬೇರೆ ಭಾಗಗಳು, ಬೂದಿ–ಸುಣ್ಣದ ಇಟ್ಟಿಗೆಗೆ ಐಎಸ್ 12894, ಸುಟ್ಟ ಇಟ್ಟಿಗೆಗೆ ಐಎಸ್ 1077. ಈ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಹೋಗಿ ಕೇಳಿದರೆ ಮಾರುವವರ ಮಾತಿನ ಧಾಟಿಯೇ ಬದಲಾಗುತ್ತದೆ. ಮಾನಕವೇ ಇನ್ನೂ ಬಾರದ ತೀರ ಹೊಸ ಸಾಮಗ್ರಿಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿದ ಬಿಎಂಟಿಪಿಸಿ ಎಂಬ ಸಂಸ್ಥೆ ಮಾಡುತ್ತದೆ.

ಪ್ರಮಾಣಪತ್ರ ಇದ್ದರೂ ದಿನಾಂಕ ನೋಡಿ, ಯಾವ ಕಾರ್ಖಾನೆಯ ಮಾಲಿಗೆ ಕೊಟ್ಟದ್ದು ನೋಡಿ. ಹಳೆಯ ಕಾಗದ ಇಂದಿನ ಲೋಡಿಗೆ ಸಾಕ್ಷಿಯಾಗುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಪ್ರಯೋಗಾಲಯಗಳಲ್ಲಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಅವಕಾಶವಿದೆ. ಇಳಿಸಿದ ಲೋಡಿನಿಂದ ನೀವೇ ಆರಿಸಿದ ಐದಾರು ಬ್ಲಾಕುಗಳನ್ನು ಕೊಟ್ಟು, ನೆನೆಸಿದ ಮೇಲಿನ ಬಲ ಮತ್ತು ನೀರು ಹೀರುವ ಪ್ರಮಾಣ ಎರಡನ್ನೂ ಬರೆದುಕೊಡಲು ಕೇಳಿ. ಜೀವಮಾನದ ಉಳಿತಾಯ ಸುರಿಯುವ ಕೆಲಸದಲ್ಲಿ ಈ ಖರ್ಚು ಗಣನೆಗೆ ಬಾರದು.

ಹೊಣೆ ಒಬ್ಬರದ್ದಲ್ಲ

ಇಷ್ಟೆಲ್ಲ ವಿಚಾರಿಸಲು ಬಿಡುವು, ಓದು, ಧೈರ್ಯ ಇರುವವರು ಹೇಗೋ ಪಾರಾಗುತ್ತಾರೆ. ಕಡಿಮೆ ವೆಚ್ಚದ ಸಾಮಗ್ರಿ ನಿಜವಾಗಿ ಬೇಕಾಗಿರುವುದು ಬೇರೆಯವರಿಗೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಸೀಮೆಯ ಕುಟುಂಬಕ್ಕೆ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅಷ್ಟರಲ್ಲಿ ಗೋಡೆ ಎಬ್ಬಿಸುವ ಕೂಲಿಕಾರ ಕುಟುಂಬದ ಹತ್ತಿರ ಇಟ್ಟಿಗೆಯನ್ನು ಪರೀಕ್ಷೆಗೆ ಕಳಿಸುವ ವ್ಯವಧಾನ ಎಲ್ಲಿಂದ ಬರಬೇಕು? ಪ್ರಯೋಗ ಕೈಕೊಟ್ಟರೆ ಇನ್ನೊಮ್ಮೆ ಕಟ್ಟಲು ಅವರಲ್ಲಿ ಏನೂ ಉಳಿದಿರುವುದಿಲ್ಲ.

ಅವರ ಪರವಾಗಿ ಪರೀಕ್ಷೆ ಮಾಡಬೇಕಾದದ್ದು ಸಾರ್ವಜನಿಕ ವ್ಯವಸ್ಥೆ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್‌ಗಳಿವೆ. ತಾಲ್ಲೂಕಿನಲ್ಲಿ ಮಾರಾಟವಾಗುವ ಪ್ರತಿಯೊಂದು ಬಗೆಯ ಬ್ಲಾಕನ್ನೂ ವರ್ಷಕ್ಕೆರಡು ಬಾರಿ ಪರೀಕ್ಷಿಸಿ, ನೆನೆದಾಗಿನ ಬಲ ಇಷ್ಟು, ಕುಡಿಯುವ ನೀರು ಇಷ್ಟು ಎಂದು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚುವುದು ಕಷ್ಟದ ಕೆಲಸವಲ್ಲ. ಅದರ ಜೊತೆ ಊರಿನ ಗಾರೆ ಕೆಲಸದವರಿಗೆ, ದಿನದ ಕೂಲಿ ಕೊಟ್ಟು, ಹೊಸ ಸಾಮಗ್ರಿಯ ತರಬೇತಿ ನೀಡಬೇಕು. ಕಾಗದದ ಮೇಲಿನ ಬಲ ಗೋಡೆಗೆ ಬರುವುದು ಅವರ ಕರಣೆಯ ಮೂಲಕವೇ.

ಹೊಸದನ್ನು ಕಣ್ಣುಮುಚ್ಚಿ ನಂಬುವುದೂ ಬೇಡ, ಹೊಸದೆಂದು ದೂರ ತಳ್ಳುವುದೂ ಬೇಡ. ಮಣ್ಣಿನ ಬ್ಲಾಕ್, ಬೂದಿ ಇಟ್ಟಿಗೆ, ಎಎಸಿ ಮೂರೂ ತಮ್ಮ ತಮ್ಮ ಜಾಗದಲ್ಲಿ ಒಳ್ಳೆಯ ಸಾಮಗ್ರಿಗಳೇ. ಕೆಂಪುಮಣ್ಣಿನ ಸೀಮೆಯ ಒಂದೆರಡು ಅಂತಸ್ತಿನ ಮನೆಗೆ ಮಣ್ಣಿನ ಬ್ಲಾಕ್, ವಿದ್ಯುತ್ ಸ್ಥಾವರಗಳ ಹತ್ತಿರದ ಊರುಗಳಿಗೆ ಬೂದಿ ಇಟ್ಟಿಗೆ, ನಗರದ ಎತ್ತರದ ಪಿಲ್ಲರ್ ಕಟ್ಟಡಗಳಿಗೆ ಎಎಸಿ. ಯಾವುದು ಎಲ್ಲಿಗೆ ಎಂದು ತೀರ್ಮಾನಿಸುವಾಗ ಬಿಡಿ ಬೆಲೆಯ ಚೀಟಿಯನ್ನು ಕೆಳಗಿಟ್ಟು, ನೆನೆಸಿ ತೂಗಿದ ಅಂಕಿಯನ್ನೂ ಮುಗಿದ ಗೋಡೆಯ ಲೆಕ್ಕವನ್ನೂ ಮುಂದಿಟ್ಟುಕೊಳ್ಳೋಣ. ಬಡವರ ಮನೆಗೆ ಬಳಸುವ ಇಟ್ಟಿಗೆಗೂ ಅದೇ ಪರೀಕ್ಷೆ ಸಲ್ಲಬೇಕು ಎಂದು ನಮ್ಮ ಪಂಚಾಯಿತಿಗಳನ್ನು ಕೇಳೋಣ.